ಆಫ್ ಇಲ್ಲದ ಪೆಟ್ರೋಲ್ ಕಾಕ್

ನನ್ನ ಸುಜುಕಿ ಬೈಕಿನ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನಡಿಯ ನಲ್ಲಿಯ ಮೇಲೆ ಮೂರು ಗುರುತುಗಳಿವೆ: ಆನ್, ರೆಸ್ (ರಿಸರ್ವ್), ಪ್ರೈ (ಪ್ರೈಮ್). ಆಫ್ ಇಲ್ಲ. ಮೈಸೂರಿನಲ್ಲಿ ಯೆಜ್ಡಿ ಬೈಕ್ ಇದ್ದ ಮನೆಯಲ್ಲಿ ಬೆಳೆದ ನನಗೆ ಅದು ಚಿಲಕವಿಲ್ಲದ ಬಾಗಿಲಿನಂತೆ ಕಂಡಿತು. ನಮ್ಮ ಮನೆಯಲ್ಲಿ ರಾತ್ರಿ ಅಮ್ಮ ಗ್ಯಾಸ್ ಆಫ್ ಮಾಡಿದ್ದೀರಾ ಎಂದು ಕೇಳಿದ ಬೆನ್ನಿಗೇ ಅಪ್ಪ, ಪತ್ರಿಕೆಯಿಂದ ತಲೆ ಎತ್ತದೆ, "ಕಾಕ್ ಮುಚ್ಚಿದ್ದೀರಾ?" ಎನ್ನುತ್ತಿದ್ದರು. ಆ ದಿನ ಗಾಡಿ ಓಡಿಸಿದವರು ಯಾರೇ ಇರಲಿ, ಪ್ರಶ್ನೆ ಮಾತ್ರ ಎಲ್ಲರಿಗೂ. ಮುಚ್ಚದಿದ್ದರೆ ಬೆಳಿಗ್ಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಕೆಳಗಿನ ನೆಲ ಒದ್ದೆ, ಹಜಾರದವರೆಗೂ ಪೆಟ್ರೋಲ್ ವಾಸನೆ, ಮೇಲೆ ಪ್ಲಗ್ ಬಿಚ್ಚಿ ಒರೆಸಿ ಒಣಗಿಸುವ ಕೆಲಸ.

ಈಗ ನಾನಿರುವುದು ಅಮೆರಿಕದ ಓಹಾಯೋ ರಾಜ್ಯದಲ್ಲಿ. ಗಾಡಿ 1980ರ ಮಾದರಿಯ ಸುಜುಕಿ ಜಿಎಸ್850ಜಿ. 843 ಸಿಸಿ, ಸಾಲಾಗಿ ನಾಲ್ಕು ಸಿಲಿಂಡರ್, ಹಿಂಚಕ್ರ ತಿರುಗಿಸುವುದಕ್ಕೆ ಚೈನ್ ಬದಲು ಶಾಫ್ಟ್, ತೂಕ ಎರಡೂವರೆ ಕ್ವಿಂಟಲ್‌ಗಿಂತ ಹೆಚ್ಚು. ಮೇನ್ ಸ್ಟ್ಯಾಂಡ್ ಹಾಕುವುದಕ್ಕೆ ಬಲಕ್ಕಿಂತ ಉಪಾಯ ಬೇಕು. ಹಳ್ಳಿಯ ಕಡೆ ಒಬ್ಬ ಹಿರಿಯರ ಕೊಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ಧೂಳು ತಿನ್ನುತ್ತಿದ್ದುದನ್ನು ಕೊಂಡು ತಂದೆ. ನಡೆಯುತ್ತಿತ್ತು, ಬರಿಯ ಬ್ಯಾಟರಿ ಹಾಕಿದರೆ ಸಾಕು ಎಂದು ಅವರು ಹೇಳಿದರು. ಹಳೆಯ ಗಾಡಿ ಮಾರುವವರೆಲ್ಲ, ಯಾವ ದೇಶದವರಾದರೂ, ಈ ಒಂದು ವಾಕ್ಯವನ್ನು ಎಲ್ಲೋ ಒಂದೇ ಶಾಲೆಯಲ್ಲಿ ಕಲಿತು ಬಂದಿರುತ್ತಾರೆ.

ಬ್ಯಾಟರಿ ಹಾಕುವ ಮೊದಲು ಟ್ಯಾಂಕ್ ಎತ್ತಿ ನೋಡಿದೆ. ಕಾಕ್‌ನಿಂದ ಎರಡು ಪೈಪುಗಳು ಹೊರಟಿದ್ದವು. ದಪ್ಪನೆಯದು ಹಳದಿಗಟ್ಟಿದ ಪ್ಲಾಸ್ಟಿಕ್ ನಳಿಕೆ, ಉಗುರಿನಿಂದ ಒತ್ತಿದರೆ ಟಿಕ್ ಎನ್ನುವಷ್ಟು ಗಡಸು. ಅದರ ನಡುವೆ ಒಂದು ಫಿಲ್ಟರ್ ಸಿಕ್ಕಿಸಿದ್ದರು, ಅದಕ್ಕೆ ಜಾಗ ಸಾಲದೆ ಪೈಪು ಮೊಣಕೈಯಂತೆ ಮಡಚಿ ನಿಂತಿತ್ತು. ತೆಳುವಾದದ್ದು ಕಪ್ಪು ರಬ್ಬರ್. ಗೇಣುದ್ದ ಬಂದು ಅಲ್ಲಿಗೇ ಮುಗಿದಿತ್ತು. ತುದಿಗೆ ಒಂದು ಸ್ಕ್ರೂ ತಿರುಗಿಸಿ ಬಿಗಿದಿದ್ದರು. ಕಾಕ್‌ನ ಹಿಡಿ ಪ್ರೈ ಮೇಲಿತ್ತು.

ಆ ಸ್ಕ್ರೂ ಮತ್ತು ಆ ಹಿಡಿ ಎರಡನ್ನೂ ಒಟ್ಟಿಗೆ ನೋಡಿದರೆ ಗಾಡಿಯ ಚರಿತ್ರೆ ಅರ್ಧ ಗೊತ್ತಾಗುತ್ತದೆ. ಅದಕ್ಕೆ ಈ ಕಾಕ್ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು.

ಯೆಜ್ಡಿಯಲ್ಲಿ, ಆರ್‌ಎಕ್ಸ್100ರಲ್ಲಿ ಕಾಕ್ ಎಂದರೆ ನಲ್ಲಿ, ಅಷ್ಟೆ. ತಿರುಗಿಸಿದರೆ ಪೆಟ್ರೋಲ್ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ. ಈ ಸುಜುಕಿಯಲ್ಲಿ ಆ ದಾರಿಗೆ ಅಡ್ಡಲಾಗಿ ಒಂದು ತೆಳು ರಬ್ಬರ್ ಹಾಳೆ, ಅಂದರೆ ಡಯಾಫ್ರಾಮ್ ಇದೆ. ಅದರ ಬೆನ್ನಿಗೆ ಒಂದು ಸ್ಪ್ರಿಂಗ್. ಸುಮ್ಮನಿದ್ದಾಗ ಸ್ಪ್ರಿಂಗ್ ಹಾಳೆಯನ್ನು ಒತ್ತಿ ದಾರಿ ಮುಚ್ಚಿರುತ್ತದೆ. ಎಂಜಿನ್ ತಿರುಗಿದಾಗ ಪಿಸ್ಟನ್ ಕೆಳಗಿಳಿಯುತ್ತ ಗಾಳಿ ಎಳೆಯುತ್ತದಲ್ಲ, ಆ ಎಳೆತ ತೆಳು ಪೈಪಿನ ಮೂಲಕ ಹಾಳೆಯ ಬೆನ್ನಿಗೆ ತಲುಪಿ ಅದನ್ನು ಹಿಂದಕ್ಕೆ ಸೆಳೆಯುತ್ತದೆ. ದಾರಿ ತೆರೆಯುತ್ತದೆ, ಪೆಟ್ರೋಲ್ ಇಳಿಯುತ್ತದೆ. ಎಂಜಿನ್ ನಿಂತರೆ ಎಳೆತ ನಿಂತಿತು, ಕಾಕ್ ಮುಚ್ಚಿತು. ಹೀಗಾಗಿ ಆಫ್ ಬೇಕಿಲ್ಲ. ಊರಿನಲ್ಲಿ ಕಾರ್ಬುರೇಟರ್ ಕಾಲದ ಆಕ್ಟಿವಾ ಓಡಿಸಿದವರೆಲ್ಲ ಇಂಥದನ್ನೇ ಬಳಸಿದ್ದಾರೆ. ಕಾಕ್ ಎಲ್ಲಿದೆ ಎಂದು ಹುಡುಕುವ ಪ್ರಸಂಗವೇ ಬಂದಿರಲಿಕ್ಕಿಲ್ಲ.

ಪ್ರೈ ಎನ್ನುವುದು ಈ ಏರ್ಪಾಡಿನ ಹಿಂಬಾಗಿಲು. ಬಹಳ ದಿನ ನಿಂತ ಗಾಡಿಯ ಕಾರ್ಬುರೇಟರ್ ಒಣಗಿರುತ್ತದೆ. ಎಂಜಿನ್ ಓಡದೆ ಎಳೆತವಿಲ್ಲ, ಎಳೆತವಿಲ್ಲದೆ ಪೆಟ್ರೋಲ್ ಇಲ್ಲ, ಪೆಟ್ರೋಲ್ ಇಲ್ಲದೆ ಎಂಜಿನ್ ಓಡದು. ಆಗ ಡಯಾಫ್ರಾಮನ್ನು ಬದಿಗಿಟ್ಟು ಪೆಟ್ರೋಲನ್ನು ನೇರವಾಗಿ ಬಿಡುವುದಕ್ಕೆ ಪ್ರೈ. ಒಂದೆರಡು ನಿಮಿಷ ಇಟ್ಟು, ಬೌಲ್‌ಗಳು, ಅಂದರೆ ಕಾರ್ಬುರೇಟರ್ ತಳದ ಪೆಟ್ರೋಲ್ ಬಟ್ಟಲುಗಳು, ತುಂಬಿದ ಮೇಲೆ ಆನ್‌ಗೆ ತಿರುಗಿಸಬೇಕು. ಅಲ್ಲೇ ಬಿಟ್ಟರೆ ಪೆಟ್ರೋಲನ್ನು ತಡೆಯುವುದಕ್ಕೆ ಉಳಿಯುವುದು ಬೌಲ್‌ನಲ್ಲಿ ತೇಲುವ ಫ್ಲೋಟ್ ಒತ್ತಿ ಮುಚ್ಚುವ ನೀಡಲ್ ಒಂದೇ. ನಲವತ್ತು ವರ್ಷ ಸವೆದ ನಾಲ್ಕು ನೀಡಲ್‌ಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಸಾಕು: ಪೆಟ್ರೋಲ್ ಬೌಲ್ ತುಂಬಿ, ಇನ್‌ಟೇಕ್ ದಾರಿ ಹಿಡಿದು ಸಿಲಿಂಡರ್ ಸೇರಿ, ಅಲ್ಲಿಂದ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಜಿನುಗಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ.

ಹಿಂದಿನವರ ಕಾಕ್‌ನಲ್ಲಿ ಡಯಾಫ್ರಾಮ್ ಹರಿದಿರಬೇಕು. ಆನ್‌ನಲ್ಲಿ ಗಾಡಿ ಓಡಿರಲಿಕ್ಕಿಲ್ಲ. ತೆಳು ಪೈಪಿಗೆ ಸ್ಕ್ರೂ ಹೊಡೆದು, ಎಂಜಿನ್ ಕಡೆಯ ನಿಪ್ಪಲ್‌ಗೆ (ಪೈಪು ಸಿಕ್ಕಿಸುವ ಮೊನೆಗೆ) ಒಂದು ರಬ್ಬರ್ ಟೋಪಿ ಹಾಕಿ, ಹಿಡಿಯನ್ನು ಸದಾ ಪ್ರೈನಲ್ಲಿಟ್ಟು ಓಡಿಸಿದ್ದಾರೆ. ಉಪಾಯ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಮನೆ ಮುಟ್ಟಿಸಿರುತ್ತದೆ. ಆದರೆ ಎಂಜಿನ್‌ನ ಬದಿಯಲ್ಲಿರುವ ಗಾಜಿನ ಕಿಂಡಿಯಲ್ಲಿ ಆಯಿಲ್ ಮೇಲಿನ ಗೆರೆ ದಾಟಿ ಕಿಂಡಿ ಪೂರ್ತಿ ತುಂಬಿತ್ತು. ಆಯಿಲ್ ಮುಚ್ಚಳ ತೆಗೆದು ಮೂಗಿಟ್ಟರೆ ಪೆಟ್ರೋಲ್ ಬಂಕಿನ ವಾಸನೆ. ಹಾಗೆಯೇ ಸ್ಟಾರ್ಟ್ ಮಾಡಿದ್ದರೆ ಬೇರಿಂಗ್‌ಗಳಿಗೆ ನೀರಿನಷ್ಟು ತೆಳುವಾದ ಆಯಿಲ್ ಸಿಗುತ್ತಿತ್ತು. ಸಿಲಿಂಡರ್ ಒಳಗೆ ಪೆಟ್ರೋಲ್ ನಿಂತಿದ್ದರೆ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುವುದೂ ಉಂಟು. ಮೊದಲು ನಾಲ್ಕೂ ಪ್ಲಗ್ ಬಿಚ್ಚಿದೆ, ಆಯಿಲ್ ಇಳಿಸಿದೆ. ಇಳಿದದ್ದು ಆಯಿಲ್ ಎನ್ನುವುದಕ್ಕಿಂತ ಕಷಾಯ.

ಕಾಕನ್ನು ಪರೀಕ್ಷೆ ಮಾಡುವುದು ಸುಲಭ, ಅದನ್ನು ಯಾರು ಬೇಕಾದರೂ ಮಾಡಬಹುದು. ಟ್ಯಾಂಕನ್ನು ಎರಡು ಮರದ ತುಂಡುಗಳ ಮೇಲೆ ಮೇಜಿನ ಅಂಚಿಗೆ ಇಟ್ಟೆ, ಒಳಗೆ ಅರ್ಧ ಲೀಟರ್ ಪೆಟ್ರೋಲ್, ದಪ್ಪ ನಿಪ್ಪಲ್‌ಗೆ ಪೈಪು, ಪೈಪಿನ ತುದಿ ಒಂದು ಸೀಸೆಯೊಳಗೆ. ಹಿಡಿ ಆನ್‌ನಲ್ಲಿದ್ದಾಗ ಒಂದು ಹನಿಯೂ ಬೀಳಬಾರದು. ತೆಳು ನಿಪ್ಪಲ್‌ಗೆ ಇನ್ನೊಂದು ಪೈಪು ಹಾಕಿ, ಅದಕ್ಕೆ ಔಷಧಿ ಅಂಗಡಿಯ ಸೂಜಿಯಿಲ್ಲದ ದೊಡ್ಡ ಸಿರಿಂಜ್ ಸಿಕ್ಕಿಸಿ ಹಿಂದಕ್ಕೆ ಎಳೆದರೆ ಪೆಟ್ರೋಲ್ ಧಾರೆ ಬರಬೇಕು, ಬಿಟ್ಟರೆ ನಿಲ್ಲಬೇಕು. ಬಾಯಿಯಿಂದ ಎಳೆಯುವವರಿದ್ದಾರೆ. ಡಯಾಫ್ರಾಮ್ ಹರಿದಿದ್ದರೆ ಎಳೆದವರ ಬಾಯಿಗೇ ಪೆಟ್ರೋಲ್ ಬರುತ್ತದೆ, ಆದ್ದರಿಂದ ಸಿರಿಂಜ್. ನನ್ನ ಕಾಕ್‌ನಲ್ಲಿ ಸಿರಿಂಜಿನ ಹಿಡಿ ಯಾವ ತಡೆಯೂ ಇಲ್ಲದೆ ಹಿಂದೆ ಬಂತು, ಅದರ ಬೆನ್ನಿಗೇ ಪಾರದರ್ಶಕ ಪೈಪಿನೊಳಗೆ ಒಂದು ಹಳದಿ ಎಳೆ ಹರಿದು ಸಿರಿಂಜಿನ ತಳ ಮುಟ್ಟಿತು. ದಪ್ಪ ಪೈಪಿನ ಸೀಸೆ ಒಣಗಿಯೇ ಇತ್ತು.

ಇದರ ಅರ್ಥ, ತೆಳು ಪೈಪನ್ನು ಸ್ಕ್ರೂ ತೆಗೆದು ಎಂಜಿನ್‌ಗೆ ಸೇರಿಸಿಬಿಟ್ಟಿದ್ದರೆ ಪೆಟ್ರೋಲ್ ಕಾರ್ಬುರೇಟರಿನ ಅಳತೆಗೆಲ್ಲ ಸಿಗದೆ ನೇರವಾಗಿ ಒಂದು ಸಿಲಿಂಡರ್‌ಗೆ ಹೋಗುತ್ತಿತ್ತು. ಒಂದೇ ಪ್ಲಗ್ ಕಪ್ಪಾಗುತ್ತದೆ, ಒಂದೇ ಸೈಲೆನ್ಸರ್‌ನಿಂದ ಕರಿ ಹೊಗೆ, ಮೈಲೇಜ್ ಬೀಳುತ್ತದೆ. ಇಂಥ ಗಾಡಿಗಳ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಬದಲಿಸುತ್ತ, ಫ್ಲೋಟ್ ಬಗ್ಗಿಸುತ್ತ ತಿಂಗಳು ಕಳೆಯುವವರಿದ್ದಾರೆ. ಕಾರ್ಬುರೇಟರ್ ಬಿಚ್ಚುವ ಮೊದಲು ತೆಳು ಪೈಪನ್ನು ಒಮ್ಮೆ ಕಿತ್ತು ಮೂಸಿ ನೋಡಿ ಎಂದು ನಾನು ಹೇಳುತ್ತೇನೆ. ಅದರೊಳಗೆ ಇರಬೇಕಾದದ್ದು ಗಾಳಿ ಮಾತ್ರ.

ಹೊಸ ಕಾಕ್ ತರಿಸಿದೆ. ಡಯಾಫ್ರಾಮ್ ಮಾತ್ರ ಬದಲಿಸುವ ಕಿಟ್‌ಗಳೂ ಸಿಗುತ್ತವೆ, ಆದರೆ ಒಳಗಿನ ಲೋಹವೇ ತುಕ್ಕು ತಿಂದು ಗುಳಿಬಿದ್ದಿದ್ದರೆ ಹೊಸ ರಬ್ಬರ್ ಕೂರುವುದು ಎಲ್ಲಿ? ನಂತರ ಪೈಪುಗಳು.

ಪೈಪು ಎಂದರೆ ಪೈಪು, ಒಳಗಿನ ಅಳತೆ ಸರಿ ಇದ್ದರೆ ಆಯಿತು ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ. ಪೈಪನ್ನು ಕೊಳ್ಳುವ ಮೊದಲು ಅದರೊಳಗೆ ಏನು ಹೋಗುತ್ತದೆ ಎಂದು ಕೇಳಬೇಕು. ಈ ಗಾಡಿಯಲ್ಲಿ ಮೂರು ಬಗೆಯವು ಇವೆ: ಪೆಟ್ರೋಲ್ ಹೊರುವುದು, ಎಳೆತ ಹೊರುವುದು, ಏನನ್ನೂ ಹೊರದೆ ಹೊರಗಿನ ಗಾಳಿಗೆ ಸುಮ್ಮನೆ ತೆರೆದುಕೊಂಡಿರುವುದು. ಮೂರಕ್ಕೂ ಬೇಕಾದ ಗುಣ ಬೇರೆ ಬೇರೆ.

ಪೆಟ್ರೋಲ್ ಪೈಪಿನ ಮೇಲೆ ಒತ್ತಡ ಇಲ್ಲವೆಂದೇ ಹೇಳಬಹುದು. ಟ್ಯಾಂಕಿನಿಂದ ಕಾರ್ಬುರೇಟರ್‌ಗೆ ಒಂದು ಗೇಣು ಇಳಿತವೆಂದರೆ ಒತ್ತಡ ಒಂದು ಪಿಎಸ್‌ಐನ (ಟೈರಿನ ಗಾಳಿ ಅಳೆಯುವ ಮಾನ) ಕಾಲು ಭಾಗವೂ ಆಗುವುದಿಲ್ಲ. ಅದಕ್ಕೆ ಬೇಕಿರುವುದು ಗಟ್ಟಿತನವಲ್ಲ, ಪೆಟ್ರೋಲಿಗೆ ಮತ್ತು ಎಥನಾಲ್‌ಗೆ ಕರಗದ, ಊದದ ಒಳಪದರ. ಇಲ್ಲಿನ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಊರಿನಲ್ಲಿ ಈಗ ಇ20, ಅಂದರೆ ಶೇಕಡಾ 20. ಹಳೆಯ ರಬ್ಬರಿಗೆ ಇದು ಹಿಡಿಸುವುದಿಲ್ಲ. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್7 ಎಂಬ ಗುಣಮಟ್ಟದ ಗುರುತು ಅಚ್ಚಾಗಿದ್ದರೆ ಕಾರ್ಬುರೇಟರ್ ಗಾಡಿಗೆ ಅದು ಸರಿ. ಆರ್9 ಪಂಪಿನ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಿಗೆಂದು ಮಾಡಿದ್ದು, ಇನ್ನೂ ಬಾಳಿಕೆಯದು, ಆದರೆ ಬಿರುಸು; ಇಕ್ಕಟ್ಟಿನ ತಿರುವಿನಲ್ಲಿ ಹಠ ಹಿಡಿಯುತ್ತದೆ. ಆಕ್ವೇರಿಯಂಗೆ ಹಾಕುವ ಪಾರದರ್ಶಕ ನಳಿಕೆ ಮೊದಲ ವಾರ ಚೆಂದ ಕಾಣುತ್ತದೆ, ಪೆಟ್ರೋಲ್ ಹರಿಯುವುದು ಕಾಣುತ್ತದೆಂಬ ಖುಷಿಯೂ ಇದೆ. ಆಮೇಲೆ ಅದು ಹಳದಿಯಾಗಿ, ಬಳೆಯಂತೆ ಗಡಸಾಗಿ, ನಿಪ್ಪಲ್ ಮೇಲೆ ಹಿಡಿತ ಬಿಡುತ್ತದೆ. ಬಿಸಿ ಎಂಜಿನ್ ಮೇಲೆ ಕುಳಿತು ಸವಾರಿ ಮಾಡುವವರು ಆ ಖುಷಿಯನ್ನು ಬಿಟ್ಟುಕೊಡುವುದು ಒಳ್ಳೆಯದು. ಬಣ್ಣಬಣ್ಣದ ಸಿಲಿಕೋನ್ ಪೈಪೂ ಪೆಟ್ರೋಲಿಗೆ ಬೇಡ, ಊದಿಕೊಂಡು ಜಾರುತ್ತದೆ.

ಎಳೆತದ ಪೈಪಿನದು ಉಲ್ಟಾ ಲೆಕ್ಕ. ಅದು ಒಳಗಿನಿಂದ ಒಡೆಯುವ ಭಯವಿಲ್ಲ, ಹೊರಗಿನ ಗಾಳಿ ಅದನ್ನು ಅಮುಕಿ ಚಪ್ಪಟೆ ಮಾಡುವ ಭಯ. ಒಳಗಿನ ರಂಧ್ರ ಸಣ್ಣದು, ಗೋಡೆ ದಪ್ಪ ಇರಬೇಕು. ಬಿಸಿಯಾದಾಗ ಮೆತ್ತಗಾಗಿ ಮುಚ್ಚಿಕೊಳ್ಳುವ ಪೈಪು ಹಾಕಿದರೆ ಗಾಡಿ ಮನೆಯ ಮುಂದೆ ಚೆನ್ನಾಗಿ ಓಡಿ, ಹತ್ತು ಮೈಲಿ ಹೋದ ಮೇಲೆ ಪೆಟ್ರೋಲ್ ಇಲ್ಲದಂತೆ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಇಂಥ ಗಾಡಿಗೆ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಬದಲಿಸಿಯಾರು, ಟ್ಯಾಂಕ್ ತೊಳೆಸಿಯಾರು. ಎಳೆತ ಅತಿ ಹೆಚ್ಚಿರುವುದು ಥ್ರಾಟಲ್ ಮುಚ್ಚಿರುವಾಗ, ಅತಿ ಕಡಿಮೆ ಪೂರ್ತಿ ತೆರೆದಾಗ ಎನ್ನುವುದೂ ನೆನಪಿರಲಿ. ಅಂದರೆ ಕಾಕ್‌ಗೆ ಬಲ ಕಡಿಮೆ ಸಿಗುವುದು ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಿನಲ್ಲೇ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಗೊತ್ತೇ ಆಗದ ಸೂಜಿಮೊನೆಯ ಸೋರಿಕೆ ಹೆದ್ದಾರಿಯ ಏರಿನಲ್ಲಿ ಬಯಲಾಗುತ್ತದೆ.

ಮೂರನೆಯದು ಗಾಳಿಗೆ ತೆರೆದ ಪೈಪು. ಹೆಚ್ಚು ಅನ್ಯಾಯವಾಗುವುದು ಇದಕ್ಕೇ. ನಾಲ್ಕು ಕಾರ್ಬುರೇಟರ್‌ಗಳ ನಡುವಿನಿಂದ ಎರಡು ನಿಪ್ಪಲ್‌ಗಳು ಹೊರಬಂದಿವೆ. ಎಲ್ಲಿಗೂ ಸೇರದ ನಿಪ್ಪಲ್ ಕಂಡರೆ ಕೆಲವರ ಕೈ ಸುಮ್ಮನಿರುವುದಿಲ್ಲ: ಒಂದಕ್ಕೊಂದು ಪೈಪು ಜೋಡಿಸುತ್ತಾರೆ, ಇಲ್ಲವೇ ಟೋಪಿ ಹಾಕುತ್ತಾರೆ, ಇಲ್ಲವೇ ಕಾಕ್‌ನ ತೆಳು ಪೈಪನ್ನು ಇದಕ್ಕೇ ಸಿಕ್ಕಿಸುತ್ತಾರೆ. ಬೌಲ್‌ನೊಳಗೆ ಪೆಟ್ರೋಲ್ ಇಳಿಯಬೇಕಾದರೆ ಅಲ್ಲಿದ್ದ ಗಾಳಿ ಹೊರಹೋಗಬೇಕು, ಜೆಟ್ ಮೂಲಕ ಪೆಟ್ರೋಲ್ ಏರಬೇಕಾದರೆ ಹೊರಗಿನ ಗಾಳಿ ಬೌಲ್‌ನಲ್ಲಿ ಒತ್ತಬೇಕು. ಆ ದಾರಿ ಇವೇ ಎರಡು ನಿಪ್ಪಲ್‌ಗಳು. ನನ್ನ ಗಾಡಿಯಲ್ಲಿ ಒಂದಕ್ಕೆ ಟೋಪಿ ಹಾಕಿದ್ದರು, ಇನ್ನೊಂದರ ಪೈಪಿನಲ್ಲಿ ಯಾವುದೋ ಹುಳು ಮಣ್ಣಿನ ಗೂಡು ಕಟ್ಟಿತ್ತು. ಎರಡಕ್ಕೂ ಸಣ್ಣ ಪೈಪು ಹಾಕಿ, ಗಾಳಿಗೆ ಎದುರಾಗದಂತೆ ಏರ್ ಬಾಕ್ಸ್ (ಏರ್ ಫಿಲ್ಟರಿನ ಡಬ್ಬಿ) ಮೇಲಕ್ಕೆ ಹಾಯಿಸಿ, ತುದಿಯನ್ನು ತೆರೆದು ಬಿಟ್ಟೆ. ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರದ್ದೂ ಇದೇ ಕಥೆ. ಗಾಡಿ ನಿಂತಾಗ ಮುಚ್ಚಳ ತೆರೆದರೆ ಉಸ್ಸೆಂದು ಗಾಳಿ ಒಳಗೆಳೆದುಕೊಂಡಿತೆಂದರೆ ಆ ರಂಧ್ರ ಕಟ್ಟಿದೆ, ಕಾಕ್‌ನ ತಪ್ಪೇನೂ ಇಲ್ಲ.

ಜೋಡಿಸುವ ಕೆಲಸ ವಿವರಣೆಯಷ್ಟು ಗಂಭೀರವಲ್ಲ, ಬರಿಯ ಬೆರಳಿನ ಸರ್ಕಸ್. ಕಾರ್ಬುರೇಟರ್ ಸಾಲು ಎಂಜಿನ್ ಮತ್ತು ಏರ್ ಬಾಕ್ಸ್ ನಡುವೆ ಹುದುಗಿದೆ, ಅದರ ಮೇಲೆ ಫ್ರೇಮಿನ ಕೊಳವೆಗಳು. ಗಂಡಸರ ಕೈಗಿಂತ ನನ್ನ ಕೈ ಅಲ್ಲಿ ಸಲೀಸಾಗಿ ಹೋಗುತ್ತದೆ. ಮೊದಲು ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿಟ್ಟರೆ ಮೆತ್ತಗಾಗುತ್ತದೆ. ನಿಪ್ಪಲ್‌ಗೆ ಒಂದು ಹನಿ ಎಂಜಿನ್ ಆಯಿಲ್. ಕ್ಲಿಪ್ಪನ್ನು ಮೊದಲೇ ಪೈಪಿನ ಮೇಲೆ ಸರಿಸಿಟ್ಟುಕೊಳ್ಳಬೇಕು, ಆಮೇಲೆ ಹಾಕುತ್ತೇನೆಂದರೆ ಆಗದು. ಕ್ಲಿಪ್ ಎಂದರೆ ತಂತಿಯ ಸ್ಪ್ರಿಂಗ್ ಕ್ಲಿಪ್. ಸ್ಕ್ರೂ ಕ್ಲ್ಯಾಂಪ್ ಬೇಡ, ಅದರ ಹಲ್ಲು ಮೆದು ಪೈಪನ್ನು ಕೊರೆಯುತ್ತದೆ. ಸಣ್ಣ ಪೈಪಿನ ಮೇಲೆ ಅದು ದುಂಡಗೆ ಬಿಗಿಯುವುದೂ ಇಲ್ಲ.

ಪೈಪಿನ ಉದ್ದವನ್ನು ಟ್ಯಾಂಕ್ ಕೂತ ಸ್ಥಿತಿಯಲ್ಲಿ ಅಳೆದರೆ ಕಾಕ್‌ಗೆ ಸಿಕ್ಕಿಸುವುದಕ್ಕೆ ಟ್ಯಾಂಕ್ ಎತ್ತಲಾಗದು. ಟ್ಯಾಂಕ್ ಎತ್ತಿದ ಸ್ಥಿತಿಯಲ್ಲಿ ಅಳೆದರೆ ಕೂರಿಸಿದಾಗ ಹೆಚ್ಚಾದ ಪೈಪು ಮಡಚಿಕೊಳ್ಳುತ್ತದೆ. ಎರಡರ ನಡುವೆ ಒಂದು ಉದ್ದ ಇದೆ, ಅದನ್ನು ಹುಡುಕುವುದಕ್ಕೆ ಬೇಕಾದದ್ದಕ್ಕಿಂತ ಉದ್ದದ ಪೈಪು ಕೊಂಡು ಬೆರಳಗಲ ಬೆರಳಗಲ ಕತ್ತರಿಸುತ್ತ ಬರಬೇಕು. ಕಾಕ್‌ನಿಂದ ಕಾರ್ಬುರೇಟರ್‌ವರೆಗೆ ಪೈಪು ಒಂದೇ ಸಮನೆ ಇಳಿಯುತ್ತಿರಬೇಕು; ನಡುವೆ ಏರಿ ಇಳಿದರೆ ಆ ಏರಿನಲ್ಲಿ ಗಾಳಿ ನಿಂತು ಏರ್ ಲಾಕ್ ಆಗುತ್ತದೆ. ಸಿಲಿಂಡರ್ ಹೆಡ್‌ಗೆ ತಾಗಬಾರದು. ನಡುವಿನ ಫಿಲ್ಟರನ್ನು ತೆಗೆದೇಬಿಟ್ಟೆ. ಕಾಕ್‌ನ ಒಳಗೇ ಟ್ಯಾಂಕಿನೊಳಕ್ಕೆ ಚಾಚಿದ ಜಾಲರಿ ಇದೆ, ಟ್ಯಾಂಕ್ ಚೊಕ್ಕಟವಿದ್ದರೆ ಅದು ಸಾಕು. ಪಂಪ್ ಇರುವ ಗಾಡಿಗೆಂದು ಮಾಡಿದ ಒತ್ತು ಕಾಗದದ ಫಿಲ್ಟರ್ ಮೂಲಕ ಬರಿಯ ತೂಕದಿಂದ ಇಳಿಯುವ ಪೆಟ್ರೋಲ್ ತೆವಳುತ್ತ ಹೋಗುತ್ತದೆ.

ಟ್ಯಾಂಕ್ ಇಡುವ ಮೊದಲು ಎಂಜಿನ್ ಓಡಿಸಿ ನೋಡಿದೆ. ಊರಿನ ಮೆಕ್ಯಾನಿಕ್‌ಗಳು ಹ್ಯಾಂಡಲ್‌ಗೆ ಸಲೈನ್ ಬಾಟಲಿ ನೇತುಹಾಕಿ ಪೆಟ್ರೋಲ್ ಕೊಡುತ್ತಾರಲ್ಲ, ಅದೇ ವಿಧಾನ. ಇಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಹಳೆಯ ಟ್ಯಾಂಕ್ ಸಿಕ್ಕಿತು. ಹಾಗೆ ಓಡಿಸುವಾಗ ಎಂಜಿನ್ ಕಡೆಯ ತೆಳು ನಿಪ್ಪಲ್‌ಗೆ ಟೋಪಿ ಹಾಕಿರಬೇಕು. ಅದು ತೆರೆದಿದ್ದರೆ ಒಂದು ಸಿಲಿಂಡರ್ ಅಲ್ಲಿಂದ ಕಳ್ಳ ಗಾಳಿ ಎಳೆದು ಐಡ್ಲಿಂಗ್ ಏರಿ ಇಳಿಯದೆ ನಿಲ್ಲುತ್ತದೆ. ಟೋಪಿ ಹಾಕಿದ್ದರೂ ನನ್ನದು ಥ್ರಾಟಲನ್ನು ಒಮ್ಮೆ ತಿರುವಿ ಬಿಟ್ಟಾಗಲೆಲ್ಲ ಮೇಲೆಯೇ ತೂಗಾಡಿ ನಿಧಾನವಾಗಿ ಇಳಿಯುತ್ತಿತ್ತು. ಸ್ಪ್ರೇ ಬಾಟಲಿಯಿಂದ ಕಾರ್ಬುರೇಟರ್ ಮತ್ತು ಹೆಡ್ ಸೇರುವ ರಬ್ಬರ್ ಬೂಟ್‌ಗಳ ಬುಡಕ್ಕೆ ನೀರಿನ ತುಂತುರು ಹೊಡೆದೆ. ಮೂರನೆಯದರ ಬಳಿ ಎಂಜಿನ್ ಸದ್ದು ಬದಲಾಯಿತು, ಅಂದರೆ ಕಳ್ಳ ಗಾಳಿ ಅಲ್ಲಿಂದಲೇ. ಈ ಕೆಲಸಕ್ಕೆ ಕಾರ್ಬುರೇಟರ್ ಕ್ಲೀನರ್ ಬಳಸುವವರಿದ್ದಾರೆ, ಅದು ಬಿಸಿ ಎಂಜಿನ್ ಮೇಲೆ ಬೆಂಕಿಯ ಬಾಬತ್ತು. ಬೂಟ್ ಬಿಚ್ಚಿದರೆ ಒಳಗೆ ಒಂದು ಓ-ರಿಂಗ್, ಚಪ್ಪಟೆಯಾಗಿ, ಪ್ಲಾಸ್ಟಿಕ್‌ನಂತೆ ಗಡಸಾಗಿ, ಕೈಯಲ್ಲೇ ಎರಡು ತುಂಡಾಯಿತು. ಈ ಕಾಲದ ಸುಜುಕಿ ಜಿಎಸ್‌ಗಳ ಹಳೆಯ ಕಾಯಿಲೆ ಇದು, ಬಲ್ಲವರೆಲ್ಲ ಮೊದಲು ಬೊಟ್ಟು ಮಾಡುವ ಜಾಗ. ನಾಲ್ಕನ್ನೂ ಬದಲಿಸಿದೆ.

ಭಾರತದ ಗಾಡಿ ಇಟ್ಟುಕೊಂಡವರಿಗೆ ಇದೆಲ್ಲ ದೂರದ ಮಾತು ಎನಿಸಬೇಕಿಲ್ಲ. 2000ದ ನಂತರ ಹೊಗೆಯ ನಿಯಮ ಬಿಗಿಯಾದ ಮೇಲೆ ಬಂದ ಅನೇಕ ಬೈಕುಗಳಲ್ಲಿ ಎಂಜಿನ್ ಮುಂಭಾಗದಲ್ಲೋ ಟ್ಯಾಂಕಿನಡಿಯಲ್ಲೋ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಇದೆ: ದಪ್ಪ ಪೈಪುಗಳು ಎರಡು, ತೆಳುವಾದದ್ದು ಒಂದು. ದಪ್ಪದವು ಹೊಸ ಗಾಳಿಯನ್ನು ಎಗ್ಸಾಸ್ಟ್ ದಾರಿಗೆ ಒಯ್ದು ಉರಿಯದೆ ಉಳಿದದ್ದನ್ನು ಉರಿಸುತ್ತವೆ. ತೆಳುವಾದದ್ದು ಇನ್‌ಟೇಕ್‌ನ ಎಳೆತವನ್ನು ಡಬ್ಬಿಗೆ ಮುಟ್ಟಿಸುತ್ತದೆ. ಥ್ರಾಟಲ್ ಬಿಟ್ಟಾಗ ಸೈಲೆನ್ಸರ್ ಪಟಪಟ ಎನ್ನದಿರಲೆಂದು ಡಬ್ಬಿ ಆಗ ಮುಚ್ಚಿಕೊಳ್ಳುತ್ತದೆ. ಡಬ್ಬಿ ದಂಡ ಎಂದು ಕಿತ್ತುಹಾಕಿ ತೆಳು ಪೈಪಿನ ನಿಪ್ಪಲನ್ನು ಹಾಗೆಯೇ ಬಿಟ್ಟರೆ, ಅಥವಾ ಆ ಪೈಪು ಬಿರುಕು ಬಿಟ್ಟರೆ, ಐಡ್ಲಿಂಗ್ ನಿಲ್ಲದೆ ಒದ್ದಾಡುವ ಗಾಡಿ ಸಿದ್ಧವಾಯಿತು. ಕಾರ್ಬುರೇಟರ್ ಟ್ಯೂನಿಂಗ್‌ಗೆ ದುಡ್ಡು ಕೊಡುವ ಮೊದಲು ಎರಡು ರೂಪಾಯಿಯ ರಬ್ಬರ್ ಟೋಪಿಯನ್ನು ನೆನೆಯಿರಿ.

ಗಾಡಿ ಓಡಿದ ದಿನ ಅಪ್ಪನಿಗೆ ವೀಡಿಯೊ ಕರೆ ಮಾಡಿ ಸದ್ದು ಕೇಳಿಸಿದೆ. ನಾಲ್ಕು ಸಿಲಿಂಡರಿನ ಸದ್ದು ಅವರಿಗೆ ಹಿಡಿಸಲಿಲ್ಲ, ಹೊಲಿಗೆ ಯಂತ್ರ ಎಂದರು. ಆಮೇಲೆ ಕೇಳಿದ್ದು ಒಂದೇ.

"ಎಂಜಿನ್ ನಿಲ್ಲಿಸಿದೆಯಲ್ಲಮ್ಮ, ಕಾಕ್ ಮುಚ್ಚಿದೆಯಾ?"

"ಇದರಲ್ಲಿ ಮುಚ್ಚುವುದು ಇಲ್ಲ ಅಪ್ಪ. ತಾನೇ ಮುಚ್ಚಿಕೊಳ್ಳುತ್ತದೆ."

"ಮುಚ್ಚಿಕೊಂಡಿದೆ ಎಂದು ನಿನಗೆ ಹೇಗೆ ಗೊತ್ತು?"

ಈ ಪ್ರಶ್ನೆಯಲ್ಲಿ ಹುರುಳಿದೆ. ಪೈಪಿನ ನಡುವೆ ಸಣ್ಣ ಹಿತ್ತಾಳೆ ನಲ್ಲಿಯೊಂದನ್ನು ಹಾಕು ಎಂದು ಅವರು ಸಲಹೆ ಕೊಟ್ಟರು. ಹಾಕಲಿಲ್ಲ, ಆ ಇಕ್ಕಟ್ಟಿನಲ್ಲಿ ಇನ್ನೆರಡು ಜೋಡಣೆ ಎಂದರೆ ಸೋರುವುದಕ್ಕೆ ಇನ್ನೆರಡು ಜಾಗ. ಬದಲಿಗೆ, ಹಿಮ ಬೀಳುವ ಮೊದಲು ಗಾಡಿಯನ್ನು ಚಳಿಗಾಲಕ್ಕೆ ನಿಲ್ಲಿಸುವಾಗ ನಾಲ್ಕೂ ಬೌಲ್‌ಗಳ ತಳದ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸುತ್ತೇನೆ. ಮರುದಿನ ಮತ್ತೆ ಸಡಿಲಿಸಿ ನೋಡುತ್ತೇನೆ. ಬೌಲ್‌ಗಳು ಒಣಗಿಯೇ ಇದ್ದರೆ ಡಯಾಫ್ರಾಮ್ ತನ್ನ ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಹನಿ ಬಂದರೆ ಕಾಕ್ ಬಿಚ್ಚಿ ಮತ್ತೆ ಸಿರಿಂಜ್ ಹುಡುಕಬೇಕು.